ಸೆರಗಿನ ಕೆಳಗಿನ ಬೆರಳುಗಳು

"ಗುರುಗಳೇ, ದನದ ಸಂತೆ ವಾರಕ್ಕೊಂದು ದಿನ. ಉಳಿದ ದಿನ ಊರು ತನ್ನ ಪಾಡಿಗೆ ತಾನಿರುತ್ತದೆ. ಅಷ್ಟಕ್ಕೇ ಊರಿನ ಬುದ್ಧಿ ಬದಲಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಬಯಲಿನಲ್ಲಿ ದನದ ಸಂತೆ ಕೂಡುತ್ತಿತ್ತು. ಅಲ್ಲಿ ದರವನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಪಕ್ಕದವನಿಗೆ ಗುಟ್ಟು ತಿಳಿಯಬಾರದಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಸೇರಿಸುತ್ತಿದ್ದರು. ಬೆರಳು ಒತ್ತಿದರೆ ದರ. ಇಡೀ ಅಂಗೈ ಹಿಡಿದರೆ ವ್ಯಾಪಾರ ಕುದುರಿದಂತೆ. ಸಂತೆ ಬೆಳೆಯಿತು. ದಲ್ಲಾಳಿಗಳು ಅಲ್ಲೇ ಮನೆ ಕಟ್ಟಿದರು. ಬೀದಿಗಳಾದವು, ಪೇಟೆಯಾಯಿತು. ಊರು ದೊಡ್ಡದಾದಷ್ಟೂ ಸದ್ದು ಕಡಿಮೆಯಾಯಿತು.

ಒಬ್ಬ ರೈತ ತನ್ನ ತಂಗಿಯನ್ನು ಆ ಪೇಟೆಗೆ ಕೊಟ್ಟಿದ್ದ. ಅಪ್ಪ ಹಾಸಿಗೆ ಹಿಡಿದಾಗ ಅವಳನ್ನು ಕರೆಯಲು ಹೋದ. ಅವತ್ತು ಸಂತೆ ಇರಲಿಲ್ಲ. ಆದರೂ ಗಂಡಸರ ಹೆಗಲ ಮೇಲೆಲ್ಲ ಟವಲು. ಜಗಲಿಯಲ್ಲಿ ಇಬ್ಬರು ಮಕ್ಕಳು ಒಂದೇ ಬಟ್ಟೆಯ ಕೆಳಗೆ ಕೈಯಿಟ್ಟು ಕೂತಿದ್ದರು. ನಗುತ್ತಿರಲಿಲ್ಲ.

"ಅಪ್ಪ ಇವತ್ತೋ ನಾಳೆಯೋ ಅನ್ನುವಂತಿದ್ದಾನೆ. ನಿನ್ನ ಬಾಯಿಂದ ಒಂದು ಸಲ 'ಅಪ್ಪಾ' ಅಂತ ಕೇಳಬೇಕಂತೆ. ಹೊರಡವ್ವ" ಎಂದ ರೈತ.

ತಂಗಿ ಸೆರಗು ಹರಡಿ ಅದರ ಕೆಳಗೆ ಕೈ ಚಾಚಿದಳು.

"ಏನವ್ವ, ಅಣ್ಣ ಅಂದ್ಕೊಂಡೆಯೋ ಎತ್ತು ಅಂದ್ಕೊಂಡೆಯೋ? ಹಲ್ಲೂ ನೋಡ್ತೀಯಾ?" ಎಂದು ನಕ್ಕು ಅವನೂ ಕೈಯಿಟ್ಟ. ಅಲ್ಲಿ ತಂಗಿಯ ಕೈಯ ಜೊತೆ ಇನ್ನೊಂದು ಕೈಯೂ ಇತ್ತು, ಹಿಂದೆ ನಿಂತಿದ್ದ ಅವಳ ಗಂಡನದು. ತಂಗಿಯ ಬೆರಳು ತಣ್ಣಗಿದ್ದವು. ರೈತ ಅವಳ ಇಡೀ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಗಂಡ ಕೈ ತೆಗೆದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಬೀದಿಯ ಜನ ದಾರಿ ಬಿಟ್ಟರು. ತಂಗಿ ತಲೆ ತಗ್ಗಿಸಿ ರೈತನ ಹಿಂದೆ ಬಂದಳು. ಕತ್ತಿನಲ್ಲಿ ಹಗ್ಗವಿರಲಿಲ್ಲ. ಆದರೂ ಅವನು ನಿಂತಾಗ ನಿಂತಳು, ನಡೆದಾಗ ನಡೆದಳು.

"ಬಂದೆಯಾ ಮಗಳೇ? ಒಂದು ಮಾತಾಡೇ" ಎಂದ ಹಾಸಿಗೆಯಲ್ಲಿ ಮಲಗಿದ್ದ ಅಪ್ಪ.

ಅವಳು ಅವನ ಕೈಯ ಮೇಲೆ ಸೆರಗು ಹಾಸಿದಳು. ಒಂದು ಬೆರಳು ಒತ್ತಿದಳು. ಕಾದಳು. ಮತ್ತೊಂದು ಒತ್ತಿದಳು. ಅಪ್ಪನ ಉಸಿರು ನಿಂತಿತು. ಸೆರಗಿನ ಕೆಳಗೆ ಬೆರಳುಗಳು ಮಾತ್ರ ಆಡುತ್ತಲೇ ಇದ್ದವು. ಎರಡೂ ಕಡೆಯಿಂದ.

ಗುರು ಅಷ್ಟಕ್ಕೇ ಕಥೆ ನಿಲ್ಲಿಸಿದರು.

ಶಿಷ್ಯ ಹತ್ತಿರ ಸರಿದ. "ಆಮೇಲೆ? ಎಷ್ಟಕ್ಕೆ ಕುದುರಿತು ಗುರುಗಳೇ?"

"ಮಗಳು 'ಅಪ್ಪಾ' ಅಂದಳೋ ಇಲ್ಲವೋ ಅಂತ ನೀನೂ ಕೇಳಲಿಲ್ಲವಲ್ಲಪ್ಪ" ಎಂದರು ಗುರು.