ನುಂಗಲೊಲ್ಲದ ಫಿಲ್ಟರು

ಮಳೆಗಾಲವಿಡೀ ಮುಚ್ಚಿದ್ದ ಈಜುಕೊಳವೊಂದು ಪಾಚಿಗಟ್ಟಿ ಹಸಿರಾಗಿತ್ತು. ಮದ್ದು ಸುರಿದದ್ದಕ್ಕೆ ಪಾಚಿಯೇನೋ ಸತ್ತಿತು. ಆದರೆ ಸತ್ತದ್ದೆಲ್ಲ ನೀರಿನ ತುಂಬ ತೇಲುತ್ತಿತ್ತು. ನೀರನ್ನು ಎಳೆದು ತಳ್ಳುವ ಪಂಪು ಪಕ್ಕದ ಫಿಲ್ಟರಿಗೆ ಗದರಿತು: "ನುಂಗು! ನೀನಿರುವುದೇ ಅದಕ್ಕೆ."

ಬೆಳಗಿನಿಂದ ನುಂಗಿ ನುಂಗಿ ಫಿಲ್ಟರಿನ ಹೊಟ್ಟೆಯೊಳಗಿನ, ಕಸ ಸೋಸುವ ಮರಳೆಲ್ಲ ಹೆಪ್ಪುಗಟ್ಟಿತ್ತು. ಅದಕ್ಕೆ ಸಾಕುಸಾಕಾಗಿ ಹೋಗಿತ್ತು.

"ಇನ್ನು ಒಂದು ಗುಟುಕೂ ಆಗದು, ಪಂಪಣ್ಣ. ಕಸ ಕೊಟ್ಟರೆ ನುಂಗಿಯೇನು, ಕೊಳವನ್ನೇ ನುಂಗು ಎಂದರೆ ಒಲ್ಲೆ. ನೀನು ಸ್ವಲ್ಪ ಹೊತ್ತು ಸುಮ್ಮನಿರು."

"ನಾನು ಸುಮ್ಮನಿರುವುದೆ? ನಾನು ನಿಂತರೆ ಈ ಕೊಳದ ಗತಿಯೇನು? ಮೈಗಳ್ಳನ ಮಾತು ನನಗೆ ಬೇಡ!" ಎಂದು ಪಂಪು ಇನ್ನೂ ಜೋರಾಗಿ ತಳ್ಳಿತು.

"ತಳ್ಳು ನೋಡೋಣ. ಒಡೆದು ಹೋದರೂ ಸರಿ, ಬಾಯಿ ತೆರೆಯಲಾರೆ," ಎಂದಿತು ಫಿಲ್ಟರು. ಅದರ ಮೈಯ ಬೋಲ್ಟುಗಳೆಲ್ಲ ಕಿರುಗುಟ್ಟಿದವು. ಹನಿ ನೀರೂ ದಾಟಲಿಲ್ಲ. ಕೊನೆಗೆ ಪಂಪೇ ಕಾದು ಕೆಂಡವಾಗಿ, ಮುಲುಗುತ್ತ ನಿಂತುಬಿಟ್ಟಿತು.

ಕೊಳ ಅಲುಗಾಡದಾಯಿತು. ಸಂಜೆಯ ಹೊತ್ತಿಗೆ ಪಾಚಿಯೆಲ್ಲ ತಾನಾಗಿಯೇ ಇಳಿದು, ತಳದಲ್ಲಿ ಚಾಪೆ ಹಾಸಿದಂತೆ ಕೂತಿತು. ಕೊಳ ನೋಡಿಕೊಳ್ಳುವವನು ಬಂದು, ಫಿಲ್ಟರಿನ ದಾರಿ ಮುಚ್ಚಿ, ತಣ್ಣಗಾದ ಪಂಪಿನಿಂದಲೇ ತಳದ ಪಾಚಿಯನ್ನು ಮೆಲ್ಲಗೆ ಎಳೆಸಿ ನೇರವಾಗಿ ಚರಂಡಿಗೆ ಬಿಟ್ಟ. ನೀರು ತಿಳಿಯಾಯಿತು.

ಪಂಪು ಬೆರಗಾಗಿ ಕೇಳಿತು: "ಇಷ್ಟು ಸುಲಭವಾಗಿ ಇಳಿಯುವಂಥದ್ದು ಬೆಳಗಿನಿಂದ ಯಾಕೆ ತೇಲುತ್ತಿತ್ತು?"

"ಕಲಕುತ್ತಿದ್ದವನು ನೀನೇ ಅಲ್ಲವೆ?" ಎಂದಿತು ಫಿಲ್ಟರು.