ಕಾವಿ ಬಟ್ಟೆ, ಕರಿ ಕಂಬಳಿ

ಭೂಮಿಯ ದಕ್ಷಿಣದ ತುದಿಯಲ್ಲಿ, ಹಿಮದ ಇಳಿಜಾರು ಸಮುದ್ರಕ್ಕೆ ಬಂದು ಮುಟ್ಟುವ ಕಡೆ, ಒಂದು ಆಶ್ರಮವಿತ್ತು. ಅಲ್ಲೆಂಥ ಆಶ್ರಮ ಸ್ವಾಮಿ ಎಂದು ಕೇಳಬೇಡಿ. ಕಥೆಯಲ್ಲಿ ಗುಡಿಸಲು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗುರುಗಳ ಜೊತೆ ಇಬ್ಬರೇ ಶಿಷ್ಯರು, ಅಡಿವೆಪ್ಪ ಮತ್ತು ಅವನ ತಮ್ಮ ಬಾಳಪ್ಪ. ದಡದಲ್ಲೊಂದು ಕಂಬ. ಅದರ ಮೇಲೆ ಕಾವಿ ಬಟ್ಟೆ ಏರಿದರೆ ದೋಣಿಯವನು ದಡಕ್ಕೆ ಬರಬೇಕು. ಕರಿ ಕಂಬಳಿ ಏರಿದರೆ ದೂರ ಹೋಗಬೇಕು.

ಅವತ್ತು ಬಾಳಪ್ಪ ಹಡಗಿನವರಿಂದ ಸೀಮೆಎಣ್ಣೆ ತರಲು ದೋಣಿಯಲ್ಲಿ ಹೋಗಿದ್ದ. ಡಬ್ಬ ಕೊಟ್ಟು ಹಡಗು ಹೊರಟುಹೋಯಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಅಷ್ಟರಲ್ಲಿ ಇಳಿಜಾರಿನ ನೆತ್ತಿಯಲ್ಲಿ ಹಿಮ ಹೊಗೆಯ ಹಾಗೆ ಎದ್ದಿತು.

"ಗಾಳಿ ಮೇಲಿಂದ ಇಳಿದು ಬರುತ್ತಿದೆ" ಎಂದರು ಗುರುಗಳು.

ತಮ್ಮ ಇನ್ನೂ ಒಂದು ಮೈಲಿ ದೂರದಲ್ಲಿದ್ದ. ಅಡಿವೆಪ್ಪ ಓಡಿಹೋಗಿ ಕಾವಿ ಏರಿಸಿದ.

ಗುರುಗಳು ಕುಂಟುತ್ತಾ ಬಂದು ಅದನ್ನು ಇಳಿಸಿ, ಕಂಬಳಿ ಕಟ್ಟತೊಡಗಿದರು.

ಅಡಿವೆಪ್ಪ ಅವರ ಕೈ ಹಿಡಿದುಕೊಂಡ. "ಏನು ಮಾಡ್ತಿದ್ದೀರಿ? ಗಾಳಿ ಅವನನ್ನ ಆಚೆಗೆ ನೂಕುತ್ತೆ, ನೀವೂ ನೂಕ್ತೀರಾ?"

"ಕೈ ಬಿಡು ಮರಿ."

"ಹೋಗ್ತಿರೋದು ನನ್ನ ತಮ್ಮ. ನಿಮಗೇನು, ಹಿಂದಿಲ್ಲ ಮುಂದಿಲ್ಲ."

"ಹಗ್ಗದ ಈ ತುದಿ ಎಳಿ" ಎಂದರು ಗುರುಗಳು.

ಎಷ್ಟೋ ವರ್ಷದ ಅಭ್ಯಾಸ ನೋಡಿ, ಬಾಯಿ ಬೈಯುತ್ತಿದ್ದರೂ ಕೈ ಎಳೆಯಿತು. ಕಂಬಳಿ ಏರಿತು. ದೂರದಲ್ಲಿ ದೋಣಿ ಹಿಂದಕ್ಕೆ ತಿರುಗಿತು.

ಗಾಳಿ ಬಂತು. ಇಬ್ಬರೂ ಬಂಡೆಯ ಮರೆಯಲ್ಲಿ ಬೋರಲು ಬಿದ್ದರು.

"ಮೇಲಿನ ಹಿಮದ ಬಯಲಲ್ಲಿ ಗಾಳಿ ಕೂತು ಕೂತು ತಣ್ಣಗಾಗಿ ಭಾರವಾಗುತ್ತೆ" ಎಂದು ಗುರುಗಳು ಅವನ ಕಿವಿಯಲ್ಲಿ ಕೂಗಿದರು. "ಭಾರವಾದದ್ದು ಜಾರುತ್ತೆ."

ಅಡಿವೆಪ್ಪನಿಗೆ ಪಾಠ ಬೇಕಿರಲಿಲ್ಲ, ತಮ್ಮ ಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ದೋಣಿ ಬಂತು, ಡಬ್ಬ ಬಂತು, ಬಾಳಪ್ಪನೂ ಬಂದ.

"ಮೊದಲು ಕಾವಿ ಏರಿಸಿದ್ದು ನೀನೇ ತಾನೆ ಅಣ್ಣಾ? ಅದನ್ನ ನಂಬಿ ಗಾಳಿಗೆ ಎದುರು ಹುಟ್ಟು ಹಾಕಿದ್ದರೆ ಮೀನಿಗೆ ಊಟ ಆಗಿರ್ತಿದ್ದೆ. ಎರಡು ಮೈಲಿ ಆಚೆ ದೀಪ ಹಚ್ಚಿಟ್ಟರೂ ಆರ್ತಿರಲಿಲ್ಲ. ಕಾಲು ಚಾಚಿ ಕೂತು ನಿಮ್ಮ ಪಾಡು ನೋಡ್ತಿದ್ದೆ."

ಅಡಿವೆಪ್ಪ ನಗುತ್ತಲೇ ಅತ್ತ. ಆಮೇಲೆ ಗುರುಗಳ ಕಾಲು ಹಿಡಿದ. "ಆಡಬಾರದ್ದು ಆಡಿಬಿಟ್ಟೆ."

"ಗಾಳಿ ಸದ್ದಿನಲ್ಲಿ ಕೇಳಿಸಲಿಲ್ಲ ಬಿಡು."

"ಆಗಿನ್ನೂ ಗಾಳಿ ಬಂದೇ ಇರಲಿಲ್ಲ ಗುರುಗಳೇ."

ಗುರುಗಳು ಕಂಬಳಿಯ ಹಿಮ ಕೊಡವತೊಡಗಿದರು.

ಅಡಿವೆಪ್ಪ ಕಣ್ಣೊರೆಸಿಕೊಂಡು ಕೇಳಿದ: "ಇಲ್ಲಿ ಅಷ್ಟು ಸಿಟ್ಟಿನಿಂದ ಬಂದ ಗಾಳಿ ಅಲ್ಲಿ ಹೇಗೆ ಸುಮ್ಮನಾಯಿತು?"

"ಅದಕ್ಕೆಲ್ಲಿಯ ಸಿಟ್ಟು, ಅಡಿವೆಪ್ಪ? ಇಳಿಜಾರು ಮುಗಿಯಿತು, ಅಷ್ಟೇ."