ಗುರುಗಳ ಕೋಣೆಯ ಚಿಲಕ

ಇಡೀ ಆಶ್ರಮಕ್ಕೆ ಕೇಳಿಸುತ್ತೆ, ಆದರೆ ಒಬ್ಬರೂ ಕೇಳಿಸಿಕೊಂಡಿಲ್ಲ. ಏನದು? ತಲೆ ಕೆರೆದುಕೊಳ್ಳಬೇಡಿ, ಅಲ್ಲಿರೋ ಪಂಡಿತರಿಗೇ ಗೊತ್ತಿಲ್ಲ.

ಆ ಆಶ್ರಮದ ಗುರುಗಳು ಮಕ್ಕಳನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಮಾಡಬಾರದ್ದು ಮಾಡುತ್ತಿದ್ದರು. ಮಗು ಅತ್ತ ಕೂಡಲೇ ಹೊರಗೆ ಗಂಟೆ ಮೊಳಗುತ್ತಿತ್ತು. ಅಪಶಕುನದ ಸದ್ದು ದೇವರ ಕಿವಿಗೆ ಬೀಳಬಾರದು ಅನ್ನೋದು ಅಲ್ಲಿನ ಪದ್ಧತಿ. ಎಂಥ ಭಕ್ತಿ ನೋಡಿ.

ಬಾಗಿಲ ಚಿಲಕಕ್ಕೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. "ಗಂಟೆಯಣ್ಣ, ಒಂದು ದಿನ ಸುಮ್ಮನಿರಬಾರದಾ?" ಎಂದಿತು.

"ಆಶ್ರಮದ ಮರ್ಯಾದೆ ಏನಾಗಬೇಕು ತಮ್ಮಾ? ಅಷ್ಟಕ್ಕೂ ಬಾಗಿಲು ಬಿಗಿಹಿಡಿಯೋನು ನೀನು, ನಾನಲ್ಲ," ಎಂದಿತು ಗಂಟೆ.

ದೀಪ ನಡುವೆ ಬಾಯಿ ಹಾಕಿತು: "ನಾನಂತೂ ದೇವರ ಕಡೆ ಮುಖ ಮಾಡಿ ಉರೀತೀನಪ್ಪ. ಬೆನ್ನ ಹಿಂದಿನದು ನನಗೆ ಗೊತ್ತಿಲ್ಲ."

ಚಿಲಕ ತನ್ನ ಮೊಳೆಗಳನ್ನೇ ನೋಡಿಕೊಂಡಿತು. ಹೌದಲ್ಲ, ಹಿಡಿದಿದ್ದು ತಾನೇ.

ಮರುದಿನ ಏಳು ವರ್ಷದ ಮಂದಾಕಿನಿಯನ್ನು ಒಳಗೆ ಕರೆದು ಗುರುಗಳು ಚಿಲಕ ಹಾಕಿದರು. ಅದು ಮೊಳೆ ಸಮೇತ ಕಳಚಿ ಬಿತ್ತು. ಬಾಗಿಲು ಹಾರುಹೊಡೆಯಿತು, ಹುಡುಗಿ ಓಡಿ ಬಂದಳು, ಪ್ರಸಾದಕ್ಕೆ ಕೂತಿದ್ದ ಭಕ್ತರೆಲ್ಲ ಎದ್ದು ನಿಂತು ಗುರುಗಳನ್ನು ಹಿಡಿದರು.

ಈ ಕೊನೆ ನಾನು ಕಟ್ಟಿದ್ದು. ನಿಜ ಹೇಳಬೇಕಂದರೆ, ಚಿಲಕ ಕಿರುಗುಟ್ಟುತ್ತೆ ಅಂತ ಭಕ್ತರೇ ಬಂದು ಅದಕ್ಕೆ ಎಣ್ಣೆ ಬಿಟ್ಟು ಹೋದರು.